ಹತ್ತಕ್ಕೆ ಎಷ್ಟು ನೋವು?

ಹೋದ ತಿಂಗಳು ಸಾಗರದಲ್ಲಿ ಕ್ಯಾನ್ಸರ್ ಬಗ್ಗೆ ನಡೆದ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದೆ. ಬರಲು ಆಗದವರು ಬರೆದು ಕೊಡಿ ಅಂದರು. ಮಾತಾಡಿದ ಹಾಗೆಯೇ ಬರೆದಿದ್ದೇನೆ. ಅಲ್ಲಿ ಮರೆತುಹೋದ ಒಂದೆರಡು ವಿಷಯ ಮಾತ್ರ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈಗ ನನ್ನನ್ನು ಪರಿಚಯ ಮಾಡಿಕೊಟ್ಟವರು ಕ್ಯಾನ್ಸರ್ ಗೆದ್ದವರು ಅಂದರು. ಪ್ರೀತಿಯಿಂದ ಹೇಳಿದ ಮಾತು, ಆದರೂ ಅದನ್ನು ಮೊದಲೇ ಸರಿ ಮಾಡಿಬಿಡುತ್ತೇನೆ. ನಾನು ಗೆದ್ದಿಲ್ಲ. ನನಗೆ ಕ್ಯಾನ್ಸರ್ ಇದೆ, ಇವತ್ತೂ ಇದೆ, ಈ ಕುರ್ಚಿಯ ಮೇಲೆ ಕೂತಿರುವಾಗಲೂ ಬೆನ್ನುಮೂಳೆಯಲ್ಲಿ ಇದೆ, ಪಿತ್ತಜನಕಾಂಗದಲ್ಲಿ ಇದೆ. 2017ರ ಜೂನ್‌ನಲ್ಲಿ, ಶಾಲೆ ಶುರುವಾಗಿ ಎರಡು ವಾರ ಆಗಿತ್ತು, ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಗೊತ್ತಾದಾಗಲೇ ಮೂಳೆಗೆ ಹೋಗಿತ್ತು. ನಾಲ್ಕನೇ ಹಂತ. ಎಂಟು ವರ್ಷ ದಾಟಿದೆ. ವಾಸಿಯಾಗಿಲ್ಲ, ಆಗುವುದೂ ಇಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತೇನೆ, ಡ್ರಿಪ್ ಹಾಕಿಸಿಕೊಂಡು ಬರುತ್ತೇನೆ, ಮತ್ತೆ ಇಪ್ಪತ್ತೊಂದು ದಿನ ಬದುಕುತ್ತೇನೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಡಾಕ್ಟರ್ ಅಲ್ಲ. ಹಾಗಾಗಿ ಔಷಧಿಯ ವಿಷಯದಲ್ಲಿ ನನ್ನ ಮಾತು ಕೇಳಿ ಏನೂ ಮಾಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಈ ಕಾಯಿಲೆಯ ಮನೆಗಳಲ್ಲಿ ಎಲ್ಲರೂ ಎಲ್ಲರಿಂದ ಏನಾದರೂ ಮುಚ್ಚಿಡುತ್ತೇವೆ. ಮನೆಯವರು ರೋಗಿಯಿಂದ, ರೋಗಿ ಮನೆಯವರಿಂದ, ಇಬ್ಬರೂ ಸೇರಿ ಡಾಕ್ಟರಿಂದ. ಅದರಿಂದ ಎಷ್ಟು ತೊಂದರೆಯಾಗುತ್ತದೆ ಅಂತ ನನ್ನ ಮೈಮೇಲೆ ಬಂದದ್ದನ್ನೇ ಹೇಳುತ್ತೇನೆ.

ಬಯಾಪ್ಸಿ ರಿಪೋರ್ಟ್ ಬಂದ ದಿನ ಅಣ್ಣ ಮೊದಲು ಒಬ್ಬನೇ ಡಾಕ್ಟರ ರೂಮಿಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಂದವನು ನನ್ನ ಮುಖ ನೋಡಲಿಲ್ಲ. "ಬಾ, ಕಾಫಿ ಕುಡಿಯೋಣ" ಅಂದ. ಹೊರಗೆ ಒಂದು ಲೋಟ ನೀರೂ ಕುಡಿಯದ ಮನುಷ್ಯ ಅವನು. ಸಣ್ಣ ಗಡ್ಡೆ, ಔಷಧಿಗೆ ಕರಗುತ್ತದಂತೆ, ಇನ್ನೊಂದು ಸ್ಕ್ಯಾನ್ ಆಗಬೇಕಂತೆ, ಅಷ್ಟೇ ಅಂದ. ಆಮೇಲೆ ಹನ್ನೆರಡು ದಿನ ನಮ್ಮ ಮನೆಯಲ್ಲಿ ನನಗೆ ಇಷ್ಟವಾದ ತಿಂಡಿಯೇ. ಯಾರೂ ಎದುರು ಮಾತಾಡಲಿಲ್ಲ. ಅತ್ತಿಗೆ ನನ್ನ ಬಟ್ಟೆ ಮಡಿಸಿ ಇಟ್ಟಳು. ದೂರದ ನೆಂಟರು ಸುಮ್ನೆ ಈ ಕಡೆ ಬಂದಿದ್ದೆವು ಅಂತ ಬಂದು ಕೂತು ಹೋದರು. ನಮ್ಮ ಕಡೆ ಹೀಗೆ ಎಲ್ಲರೂ ಒಟ್ಟಿಗೆ ಒಳ್ಳೆಯವರಾಗುವುದು ಯಾವಾಗ ಅಂತ ನಮಗೆಲ್ಲ ಗೊತ್ತು ಅಲ್ವಾ? ನನಗೂ ಗೊತ್ತಾಗಿತ್ತು. ಆದರೆ ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾದರೆ ಅವರು ಕುಸಿದುಬಿಡುತ್ತಾರೆ ಅಂತ ನಾನೂ ಸುಮ್ಮನಿದ್ದೆ. ಅಷ್ಟು ಜನ ತುಂಬಿದ ಮನೆಯಲ್ಲಿ ಅಷ್ಟು ಒಂಟಿಯಾಗಿ ನಾನು ಯಾವತ್ತೂ ಇದ್ದಿಲ್ಲ. ಗಂಡ ತೀರಿಹೋದಾಗಲೂ ಇಲ್ಲ, ಆಗ ಅಳಲಿಕ್ಕಾದರೂ ಜೊತೆಗೆ ಜನ ಇದ್ದರು.

ಪೆಟ್ ಸ್ಕ್ಯಾನ್ ಮಾಡಿಸಿ ವಾಪಸ್ ಬರುವಾಗ ತಾಳಗುಪ್ಪದ ರಾತ್ರಿ ರೈಲು. ಎಲ್ಲ ಕಾಗದ ಜವಳಿ ಅಂಗಡಿಯ ಒಂದು ಕವರಿನಲ್ಲಿತ್ತು. ಅಣ್ಣ ಅದನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿದ್ದ. ಅರಸೀಕೆರೆ ದಾಟಿದ ಮೇಲೆ ಅವನಿಗೆ ನಿದ್ದೆ ಹತ್ತಿತು. ನಾನು ಮೆಲ್ಲಗೆ ಕವರ್ ಎಳೆದುಕೊಂಡು ಮೊಬೈಲ್ ಬೆಳಕಿನಲ್ಲಿ ಓದಿದೆ. ಮಲ್ಟಿಪಲ್ ಸ್ಕೆಲಿಟಲ್ ಮೆಟಾಸ್ಟೇಸಿಸ್ ಅಂತ ಇತ್ತು, ಅಂದರೆ ಮೂಳೆಗಳಲ್ಲಿ ಹಲವು ಕಡೆ ಹಬ್ಬಿದೆ ಅಂತ. ಬೆನ್ನು, ಸೊಂಟ, ಎರಡು ಪಕ್ಕೆಲುಬು. ಕವರನ್ನು ಹಾಗೇ ವಾಪಸ್ ಇಟ್ಟೆ. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಾಗಿತ್ತು, ಸೋನೆ ಮಳೆ. ಆಟೋಗೆ ಕಾಯುವಾಗ ಅಣ್ಣನಿಗೆ ಹೇಳಿದೆ, "ನಾನು ಓದಿದ್ದೇನೆ" ಅಂತ. ಅವನು ಅಲ್ಲೇ ಛತ್ರಿ ಹಿಡಿದುಕೊಂಡು ಅತ್ತ. ಹನ್ನೆರಡು ದಿನದ ಅಳು. ಪಾಪ, ಅವನಿಗೂ ಹೇಳಿಕೊಳ್ಳಲು ಯಾರಿದ್ದರು? ಅವನು ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದದ್ದು ನನ್ನ ಹತ್ತಿರವೇ.

ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದೆವು. ನಾನು ಮೊದಲೇ ಹೇಳಿದೆ, ನನಗೇ ಹೇಳಿ, ನಾನು ಲೆಕ್ಕದ ಮೇಷ್ಟ್ರು, ಸಂಖ್ಯೆ ಕೇಳಿದರೆ ಹೆದರುವುದಿಲ್ಲ. ಆ ತಾಯಿ ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದು ಹೇಳಿದರು. ನನ್ನದು ಹರ್-ಟು ಪಾಸಿಟಿವ್ ಜಾತಿಯ ಗಡ್ಡೆ. ಜೀವಕೋಶದ ಮೇಲೆ ಬೆಳೆ ಬೆಳೆ ಅಂತ ಸೂಚನೆ ತೆಗೆದುಕೊಳ್ಳುವ ಕೊಂಡಿಗಳು ಇರುತ್ತವೆ, ನನ್ನ ಗಡ್ಡೆಯಲ್ಲಿ ಅವು ಸಿಕ್ಕಾಪಟ್ಟೆ ಜಾಸ್ತಿ. ಮೊದಲೆಲ್ಲ ಇದು ಬೇಗ ಕೊಲ್ಲುವ ಜಾತಿಯಾಗಿತ್ತು. ಆ ಕೊಂಡಿಗಳನ್ನೇ ಹೋಗಿ ಹಿಡಿಯುವ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮಂಥವರ ಕೈಗೆ ಎಟುಕದ ಬೆಲೆ ಇತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ತದ್ರೂಪನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಬೇರೆ ಕಂಪನಿಗಳದ್ದೂ ಬಂದವು, ಬೆಲೆ ಇಳಿಯಿತು. ಐದು ವರ್ಷ ಮೊದಲು ನನಗೆ ಈ ಕಾಯಿಲೆ ಬಂದಿದ್ದರೆ ಏನಾಗುತ್ತಿತ್ತೋ ಅಂತ ಆಗಾಗ ಯೋಚನೆ ಬರುತ್ತದೆ.

ಎಷ್ಟು ದಿನ ಇರುತ್ತೇನೆ ಅಂತ ಕೇಳಿದೆ. ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದ. ಡಾಕ್ಟರ್ ಹೇಳಿದರು, ಇಂಥ ಕಾಯಿಲೆಯಲ್ಲಿ ಈ ಚಿಕಿತ್ಸೆಗೆ ಮೂರು ವರ್ಷದ ಆಸುಪಾಸು ಅಂತ ಲೆಕ್ಕ, ಆದರೆ ಅದು ಮಧ್ಯಾಂಕ ಅಂತ.

ಮಧ್ಯಾಂಕ! ನಾನು ಸಾವಿರ ಸಲ ಬೋರ್ಡಿನ ಮೇಲೆ ಬರೆದ ಪದ. ನಿಮಗೂ ಹೇಳುತ್ತೇನೆ, ಯಾಕೆಂದರೆ ಈ ಒಂದು ಪದ ಅರ್ಥವಾಗದೆ ಎಷ್ಟೋ ಮನೆಗಳಲ್ಲಿ ಕ್ಯಾಲೆಂಡರ್ ಮೇಲೆ ತಾರೀಕು ಗುರುತು ಹಾಕಿಕೊಂಡು ಕೂತಿರುತ್ತಾರೆ. ಒಂದು ಕ್ಲಾಸಿನಲ್ಲಿ 45 ಮಕ್ಕಳು. ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ. 23ನೇ ಮಗುವಿನ ಎತ್ತರ ಮಧ್ಯಾಂಕ. ಆ ಮಗುವಿನ ಎತ್ತರ ಹೇಳಿದರೆ ಸಾಲಿನ ಕೊನೆಯಲ್ಲಿ ನಿಂತವಳು ಎಷ್ಟು ಎತ್ತರ ಅಂತ ಗೊತ್ತಾಗುತ್ತದಾ? ಇಲ್ಲ. ಅರ್ಧ ಜನ ಅದಕ್ಕಿಂತ ಮೊದಲು, ಅರ್ಧ ಜನ ಅದಾದ ಮೇಲೆ, ಅಷ್ಟೇ ಅದು ಹೇಳುವುದು. ನಾನು ಸಾಲಿನ ಎಲ್ಲಿ ನಿಂತಿದ್ದೇನೆ ಅಂತ ಅದು ಹೇಳುವುದಿಲ್ಲ. ಆದರೆ ಪೂರ್ತಿ ನಿಜ ಹೇಳಬೇಕು. ನಾನು ಉದ್ದದ ಕಡೆ ನಿಂತದ್ದು ನನ್ನ ಮನೋಬಲದಿಂದಲ್ಲ. ನನ್ನ ಜೊತೆ ಅದೇ ವಾರ್ಡಿನಲ್ಲಿ ಆ ಮಳೆಗಾಲ ಕೀಮೋ ಶುರು ಮಾಡಿದ ಐದು ಹೆಂಗಸರು ನನಗೆ ಚೆನ್ನಾಗಿ ಪರಿಚಯವಾಗಿದ್ದರು. ಈಗ ಒಬ್ಬರೂ ಇಲ್ಲ. ಅವರಲ್ಲಿ ಒಬ್ಬಳಿಗೆ ನನಗಿಂತ ಜಾಸ್ತಿ ಧೈರ್ಯ ಇತ್ತು. ದಯವಿಟ್ಟು ಸತ್ತವರ ಮನೆಯವರ ಎದುರು ಧೈರ್ಯ ಇದ್ದರೆ ಕ್ಯಾನ್ಸರ್ ಗೆಲ್ಲಬಹುದು ಅನ್ನಬೇಡಿ. ಅವರು ಹೇಡಿಗಳಾಗಿರಲಿಲ್ಲ.

ಚಿಕಿತ್ಸೆಯ ದಿನಗಳ ಬಗ್ಗೆ ಕೇಳುತ್ತಾರೆ. ಮೊದಲ ಔಷಧಿ ಡೋಸಿಟಾಕ್ಸೆಲ್ ಎಂಬ ಕೀಮೋ, ಜೊತೆಗೆ ಟ್ರಾಸ್ಟುಜುಮಾಬ್, ಮೂಳೆ ಗಟ್ಟಿಯಾಗಲು ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್. ಮೂರು ತಿಂಗಳಿಗೊಮ್ಮೆ ಹೃದಯದ ಎಕೋ, ಯಾಕೆಂದರೆ ಟ್ರಾಸ್ಟುಜುಮಾಬ್ ಕೆಲವರ ಹೃದಯವನ್ನು ದುರ್ಬಲ ಮಾಡುತ್ತದೆ. ಓಡಾಟಕ್ಕೆ ರೈಲ್ವೆ ರಿಯಾಯಿತಿ ಇದೆ, ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರುವವರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಳ್ಳಬೇಕು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತಿತ್ತು. ಹುಣ್ಣಾಗಿ ಅಪ್ಪೆಮಿಡಿ ಉಪ್ಪಿನಕಾಯಿ ಮುಟ್ಟಲು ಆಗುತ್ತಿರಲಿಲ್ಲ. ಜಾಡಿಯ ಮುಚ್ಚಳ ತೆಗೆದು ವಾಸನೆ ನೋಡಿಕೊಂಡು ಗಂಜಿ ಕುಡಿಯುತ್ತಿದ್ದೆ. ಕೂದಲು ಹೋಯಿತು, ಬಂತು. ಅದರ ಬಗ್ಗೆ ಎಲ್ಲರೂ ಜಾಸ್ತಿ ಮಾತಾಡುತ್ತಾರೆ, ನನಗೆ ಅದು ಅಷ್ಟು ದೊಡ್ಡದು ಅನಿಸಲಿಲ್ಲ. ನನಗೆ ದೊಡ್ಡದು ಅನಿಸಿದ್ದು ಬೆರಳು.

ಡೋಸಿಟಾಕ್ಸೆಲ್ ನರಗಳ ತುದಿಯನ್ನು ಹಾಳು ಮಾಡುತ್ತದೆ. ಕಾಲಿನಿಂದ ಚಪ್ಪಲಿ ಜಾರಿಹೋದರೂ ಗೊತ್ತಾಗುತ್ತಿರಲಿಲ್ಲ, ಅಂಗಳ ದಾಟಿದ ಮೇಲೆ ನೋಡಿದರೆ ಒಂದು ಕಾಲು ಬರಿಗಾಲು. ಆ ವರ್ಷ ಭೂಮಿ ಹುಣ್ಣಿಮೆ ಬಂತು, ಗದ್ದೆಗೆ ಪೂಜೆ ಮಾಡುವ ಹಬ್ಬ. ನಮ್ಮ ಮನೆಯಲ್ಲಿ ಗದ್ದೆಗೆ ಎಡೆ ಹೊತ್ತುಕೊಂಡು ಹೋಗುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದು ನನ್ನ ಪಾಲಿನ ಕೆಲಸ, ಅಮ್ಮನಿಂದ ಬಂದದ್ದು. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಎಳೆ ಎಳೆಯಬೇಕು. ಕುಂಚ ಬೆರಳಿನ ನಡುವೆ ಇದೆ ಅಂತ ಕಣ್ಣಿಗೆ ಕಾಣುತ್ತಿದೆ, ಬೆರಳಿಗೆ ಗೊತ್ತಾಗುತ್ತಿಲ್ಲ. ಬಿಗಿಯಾಗಿ ಹಿಡಿದಿದ್ದೇನೋ ಸಡಿಲವಾಗಿ ಹಿಡಿದಿದ್ದೇನೋ ತಿಳಿಯದು. ಎರಡು ಸಲ ಕೈಯಿಂದ ಬಿತ್ತು. ಉಗುರು ಕಪ್ಪಾಗಿ ಬುಡದಿಂದ ಎದ್ದಿದ್ದವು. ಮಗಳು ನಾನು ಬರೆಯುತ್ತೇನೆ ಕೊಡಮ್ಮ ಅಂದಳು. ಕೊಡಲಿಲ್ಲ. ಕಣ್ಣಿನಿಂದಲೇ ಬೆರಳನ್ನು ನಡೆಸಿಕೊಂಡು ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಬುಟ್ಟಿ ಮುಗಿಸಿದೆ. ಎಳೆ ಸೊಟ್ಟ ಇತ್ತು. ಆ ಬುಟ್ಟಿ ಇನ್ನೂ ಅಟ್ಟದ ಮೇಲಿದೆ.

ಇನ್ನು, ಅವತ್ತೇ ನಾನು ಮಾಡಿದ ತಪ್ಪು ಹೇಳಬೇಕು. ಐದನೇ ಕೀಮೋ ಆಗಿ ಎಂಟನೇ ದಿನ ಅದು. ಸಂಜೆ ಮೈ ಬಿಸಿ ಅನಿಸಿತು. ನೋಡಿಕೊಂಡೆ, 101 ಡಿಗ್ರಿ. ಮಗಳು ಪುಣೆಯಿಂದ ಬಂದಿದ್ದಳು, ಅಣ್ಣನ ಮೊಮ್ಮಕ್ಕಳು ಬಂದಿದ್ದರು, ಮನೆ ತುಂಬಾ ಬೆರಕೆ ಸೊಪ್ಪಿನ ವಾಸನೆ, ರಾತ್ರಿಯೆಲ್ಲ ಅಡುಗೆ. ಹಬ್ಬ ಕೆಡಿಸುವುದು ಯಾಕೆ ಅಂತ ಒಂದು ಪ್ಯಾರಾಸಿಟಮಾಲ್ ನುಂಗಿ, ಥರ್ಮಾಮೀಟರನ್ನು ಸೀರೆಗಳ ಮಧ್ಯೆ ಸೇರಿಸಿಟ್ಟೆ. ನೋಡಿ, ಅಣ್ಣ ನನ್ನಿಂದ ಮುಚ್ಚಿಟ್ಟ ಅಂತ ನೊಂದುಕೊಂಡವಳು ನಾನು. ಬೆಳಗಿನ ಜಾವ ಭೂಮಿಗೆ ಎಡೆಯಾಗಿ ಅಚ್ಚಂಬಲಿ ಬೀರಲು ಗಂಡಸರು ಗದ್ದೆಗೆ ಹೊರಟ ಹೊತ್ತಿಗೆ ನನಗೆ ಹಲ್ಲು ಕಡಿಯುವ ಚಳಿ. ಬಿಪಿ ಬಿದ್ದುಹೋಗಿತ್ತು. ಹಬ್ಬದ ದಿನ ಇಡೀ ಮನೆ ಶಿವಮೊಗ್ಗದ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿತ್ತು. ಸೋಂಕನ್ನು ತಡೆಯುವ ಬಿಳಿ ರಕ್ತಕಣ ಕೀಮೋದಿಂದ ಪೂರ್ತಿ ಇಳಿದಿತ್ತು, ಎಂಟು ದಿನ ಅಡ್ಮಿಟ್. ಇನ್ನು ಎರಡು ಗಂಟೆ ತಡವಾಗಿದ್ದರೆ ಅಂತ ಅಲ್ಲಿನ ಡಾಕ್ಟರ್ ಹೇಳಿ ಅರ್ಧಕ್ಕೆ ನಿಲ್ಲಿಸಿದರು.

ಕೀಮೋ ನಡೆಯುವ ಮನೆಯಲ್ಲಿ 100.4 ಎಂಬ ಸಂಖ್ಯೆಯನ್ನು ಅಡುಗೆಮನೆ ಗೋಡೆಯ ಮೇಲೆ ಬರೆದಿಡಿ. ಅಷ್ಟು ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಸುಮ್ಮನಾಗಬೇಡಿ. ಫೈಲ್ ತೆಗೆದುಕೊಂಡು ಹೊರಡಿ. ಹೋದ ಕೂಡಲೇ ಕೀಮೋ ನಡೆಯುತ್ತಿದೆ ಅಂತ ಹೇಳಿ.

2020ರಲ್ಲಿ ಕಾಯಿಲೆ ಲಿವರ್‌ಗೆ ಹೋಯಿತು. ಲಾಕ್‌ಡೌನ್ ವರ್ಷ. ಆಗ ಔಷಧಿ ಬದಲಾಯಿಸಿದರು, ಕ್ಯಾಪೆಸಿಟಾಬಿನ್ ಮತ್ತು ಲಪಾಟಿನಿಬ್ ಮಾತ್ರೆಗಳು. ಕ್ಯಾಪೆಸಿಟಾಬಿನ್ ಹದಿನಾಲ್ಕು ದಿನ ನುಂಗುವುದು, ಏಳು ದಿನ ಬಿಡುವುದು. ಅಂಗೈ, ಅಂಗಾಲು ಕೆಂಪಾಗಿ ಸುಲಿಯುತ್ತದೆ. ಒಗೆಯುವ ಕಲ್ಲಿನ ಮೇಲೆ ಬೆರಳು ತಿಕ್ಕಿದ ಹಾಗೆ ನುಣ್ಣಗಾಗುತ್ತದೆ. 2021ರ ನವೆಂಬರ್‌ನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣ ಪತ್ರ ಕೊಡಲು ಹೋದೆ. ಯಂತ್ರದ ಮೇಲೆ ಹೆಬ್ಬೆರಳು ಇಟ್ಟರೆ ಕೆಂಪು ದೀಪ. ತೋರುಬೆರಳು, ಕೆಂಪು ದೀಪ. ಹತ್ತೂ ಬೆರಳು ಆಯಿತು. ಹಿಂದೆ ಸಾಲಿನಲ್ಲಿ ನಿಂತವರು ಅಜ್ಜಿ ಕೈ ತೊಳೆದುಕೊಂಡು ಬನ್ನಿ ಅಂದರು. ತೊಳೆದುಕೊಂಡು ಬಂದೆ. ನನ್ನ ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ, ಔಷಧಿ ಅಳಿಸಿಹಾಕಿತ್ತು. ಬದುಕಿದ್ದೇನೆ ಅಂತ ತೋರಿಸಲು ಬಂದವಳು, ನನ್ನನ್ನು ಬದುಕಿಸಿಟ್ಟ ಔಷಧಿಯೇ ಅದಕ್ಕೆ ಅಡ್ಡ ಬಂದಿತ್ತು. ಕೊನೆಗೆ ಮ್ಯಾನೇಜರ್ ಎದುರು ಕೂರಿಸಿಕೊಂಡು ಕಾಗದದ ಫಾರಂಗೆ ಸಹಿ ಮಾಡಿಸಿದರು. ಈ ಮಾತ್ರೆ ನುಂಗುವವರು ಯಾರಾದರೂ ಇಲ್ಲಿದ್ದರೆ ಡಾಕ್ಟರಿಂದ ಒಂದು ಚೀಟಿ ಬರೆಸಿಟ್ಟುಕೊಳ್ಳಿ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಬೇಕಾಗುತ್ತದೆ.

ಈಗ ನೋವಿನ ವಿಷಯ. ನಾನು ಇಲ್ಲಿಗೆ ಬರಲು ಒಪ್ಪಿದ್ದು ಮುಖ್ಯವಾಗಿ ಇದಕ್ಕೇ.

2022ರ ಬೇಸಿಗೆ. ಬೆನ್ನು ನೋವು ಜಾಸ್ತಿಯಾಗಿತ್ತು. ಒಬ್ಬ ನರ್ಸ್ ಹುಡುಗಿ ಬಂದು ಕೇಳಿದಳು, "ಹತ್ತಕ್ಕೆ ಎಷ್ಟು ನೋವು ಅಮ್ಮ? ಸೊನ್ನೆ ಅಂದರೆ ಇಲ್ಲ, ಹತ್ತು ಅಂದರೆ ತಡೆಯಲು ಆಗುವುದೇ ಇಲ್ಲ." ನಾನು ಮೂರು ಅಂದೆ. ಮಕ್ಕಳಿಗೆ ಮಾರ್ಕ್ಸ್ ಕೊಡುವಾಗಲೂ ನನ್ನ ಕೈ ಬಿಗಿ, ನೋವಿಗೂ ಹಾಗೇ ಕೊಟ್ಟೆ. ಅವಳು ಬರೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಳು. "ರಾತ್ರಿ ಮಗ್ಗುಲು ಬದಲಾಯಿಸಲು ಆಗುತ್ತದಾ?" ಇಲ್ಲ. "ಎಷ್ಟು ಹೊತ್ತು ನಿದ್ದೆ?" ಎರಡು ಗಂಟೆ. "ತಲೆ ಬಾಚಿಕೊಳ್ಳುತ್ತೀರಾ?" ಕೈ ಎತ್ತಲು ಆಗುವುದಿಲ್ಲ. "ಹಾಗಾದರೆ ಇದು ಮೂರಲ್ಲ ಅಮ್ಮ, ಎಂಟು" ಅಂತ ಎಂಟು ಬರೆದಳು. ನನಗೆ ಅಳು ಬಂದುಬಿಟ್ಟಿತು. ಹೆರಿಗೆ ನೋವು ತಡೆದುಕೊಂಡಿದ್ದೇವೆ, ಇದೇನು ಮಹಾ ಅಂತ ನಾವು ಹೆಂಗಸರು ಹಲ್ಲು ಕಚ್ಚುವುದನ್ನೇ ದೊಡ್ಡತನ ಅಂದುಕೊಂಡಿದ್ದೇವೆ. ನೀವು ಮೂರು ಅಂದರೆ ಡಾಕ್ಟರ್ ಮೂರರ ಔಷಧಿಯನ್ನೇ ಕೊಡುತ್ತಾರೆ. ಉತ್ತರ ತಪ್ಪು ಬರೆದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಮರುದಿನ ಬೆನ್ನಿಗೆ ಒಂದೇ ಒಂದು ಸಲ ರೇಡಿಯೇಷನ್ ಕೊಟ್ಟರು. ಮೂಳೆ ನೋವಿಗೆ ಹತ್ತು ದಿನ ಕೊಟ್ಟರೂ ಒಂದು ದಿನ ಕೊಟ್ಟರೂ ನೋವು ತಗ್ಗುವುದು ಹೆಚ್ಚುಕಡಿಮೆ ಒಂದೇ ಅಂತ ತುಂಬಾ ಅಧ್ಯಯನಗಳಲ್ಲಿ ಗೊತ್ತಾಗಿದೆ. ಊರಿನಿಂದ ಹೋಗಿ ಲಾಡ್ಜ್ ಮಾಡಿಕೊಂಡು ಇರುವವರು ಇದನ್ನು ಕೇಳಿ ನೋಡಬೇಕು. ಜೊತೆಗೆ ಮಾರ್ಫಿನ್ ಮಾತ್ರೆ ಬರೆದರು.

ಮಾರ್ಫಿನ್ ಅಂದ ಕೂಡಲೇ ಮನೆಯಲ್ಲಿ ಗಾಬರಿ. ಇಷ್ಟು ಬೇಗ ಅಲ್ಲಿಗೆ ಬಂತಾ ಅಂತ ಅತ್ತಿಗೆ. ಚಟ ಆಗುತ್ತದೆ ಅಂತ ಅಳಿಯ. ನನಗೂ ಹೆದರಿಕೆ ಇತ್ತು. ನಾಲ್ಕು ಗಂಟೆಗೊಂದು ಮಾತ್ರೆ. ಮೊದಲ ಮೂರು ದಿನ ಮಂಪರು, ಸ್ವಲ್ಪ ಓಕರಿಕೆ. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಔಷಧಿಯನ್ನು ಮಾರ್ಫಿನ್ ಜೊತೆಗೇ ಶುರು ಮಾಡಬೇಕು. ಅದನ್ನು ಯಾರೂ ಹೇಳದೆ ಮಾರ್ಫಿನ್ನೇ ಬೇಡ ಅಂತ ಬಿಟ್ಟವರಿದ್ದಾರೆ. ನಾಲ್ಕನೇ ದಿನ ಬೆಳಗ್ಗೆ ಎಚ್ಚರವಾದಾಗ ಹಂಚಿನ ಸಂದಿಯಿಂದ ಬಿಸಿಲು ಬಂದಿತ್ತು. ಏಳು ಗಂಟೆ. ಇಡೀ ರಾತ್ರಿ ನಿದ್ದೆ ಮಾಡಿದ್ದೆ. ಎದ್ದು ಹೋಗಿ ಕನ್ನಡಿಯ ಮುಂದೆ ನಿಂತು ನಾನೇ ತಲೆ ಬಾಚಿಕೊಂಡೆ. ಕ್ಯಾನ್ಸರ್ ನೋವಿಗೆ ಅಂತ ಡಾಕ್ಟರ್ ಹೇಳಿದ ಅಳತೆಯಲ್ಲಿ ತೆಗೆದುಕೊಂಡವರಿಗೆ ಅದು ಚಟವಾಗುವುದು ಸಾಮಾನ್ಯವಲ್ಲ. ಕಾಯಿಲೆ ತಗ್ಗಿದ ಮೇಲೆ ನನಗೆ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಮತ್ತೆ ಬೇಕಾದಾಗ ಶುರು ಮಾಡಿದ್ದಾರೆ.

ಒಂದು ವಿಷಯ ನನಗೆ ಬಹಳ ಬೇಸರ ತರುತ್ತದೆ. ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಮೇಲೆ ಅಫೀಮು ಗಿಡ ಬೆಳೆಯುತ್ತಾರೆ. ನಾವು ಪಾಯಸಕ್ಕೆ ಹಾಕುವ ಗಸಗಸೆ ಅದೇ ಗಿಡದ ಬೀಜ. ಹೊರದೇಶಕ್ಕೂ ಕಳಿಸುತ್ತೇವೆ. ಆದರೆ 1985ರಲ್ಲಿ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಹತ್ತಾರು ಲೈಸೆನ್ಸ್‌ಗಳ ರಗಳೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ಕಾನೂನು ತಿದ್ದುಪಡಿ ಆಯಿತು, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಈಗ ಸುಲಭ. ಆದರೂ ಹೆದರಿಕೆ ಹೋಗಿಲ್ಲ. ಮಾತ್ರೆ ತೀರಾ ಅಗ್ಗ. ತಾಲೂಕಿನಲ್ಲಿ ಸಿಗುವುದಿಲ್ಲ. ನೂರಾರು ಕಿಲೋಮೀಟರ್ ದೂರದಿಂದ ಅಗ್ಗದ ಮಾತ್ರೆ ತರಲು ಒಬ್ಬ ಮಗ ಎರಡು ದಿನದ ಕೂಲಿ ಬಿಟ್ಟು ಹೋಗಬೇಕು, ಅಷ್ಟರಲ್ಲಿ ಮನೆಯಲ್ಲಿ ಅಪ್ಪ ಕಿರುಚುತ್ತಿರುತ್ತಾನೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೀಗಿರಬೇಕಾಗಿಲ್ಲ.

ಆ ನರ್ಸ್ ಇದ್ದದ್ದು ಪಾಲಿಯೇಟಿವ್ ಕೇರ್ ವಿಭಾಗದಲ್ಲಿ. ಉಪಶಮನ ಆರೈಕೆ ಅನ್ನುತ್ತಾರೆ. ಅಲ್ಲಿಗೆ ಹೋಗಿ ಅಂದರೆ ಡಾಕ್ಟರ್ ಕೈಬಿಟ್ಟರು ಅಂತ ನಮ್ಮವರ ತಿಳಿವಳಿಕೆ. ನಾನು ಅಲ್ಲಿಗೆ ಹೋಗಲು ಶುರು ಮಾಡಿ ಮೂರು ವರ್ಷವಾಯಿತು, ಕೀಮೋ ಜೊತೆಜೊತೆಗೇ. 2010ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹಬ್ಬಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆ ಮೊದಲಿನಿಂದಲೇ ಉಪಶಮನ ಆರೈಕೆ. ಎರಡನೇ ಗುಂಪಿನವರಿಗೆ ಕೊರಗು ಕಡಿಮೆ, ದಿನಗಳು ಚೆನ್ನಾಗಿ ಕಳೆದವು. ಅಷ್ಟೇ ಅಲ್ಲ, ಕೊನೆಯಲ್ಲಿ ಕಟುವಾದ ಚಿಕಿತ್ಸೆ ಕಡಿಮೆ ತೆಗೆದುಕೊಂಡರೂ ಅವರೇ ಜಾಸ್ತಿ ಬದುಕಿದರು. ಮಧ್ಯಾಂಕ 11.6 ತಿಂಗಳು, ಇನ್ನೊಂದು ಗುಂಪಿನದು 8.9. ಹಾಗಾಗಿ ಕೊನೆಗೆ ಹೋಗೋಣ ಅಂತ ಇಟ್ಟುಕೊಳ್ಳಬೇಡಿ. ಮೊದಲ ದಿನವೇ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ವಿಭಾಗ ಇದೆ. ತೀರಾ ಕೊನೆಯ ದಿನಗಳಿಗೆ ಬೆಂಗಳೂರಿನ ಕರುಣಾಶ್ರಯ 1999ರಿಂದ ಇದೆ, ಅಲ್ಲಿ ರೋಗಿಯಿಂದ ಹಣ ತೆಗೆದುಕೊಳ್ಳುವುದಿಲ್ಲ.

ದುಡ್ಡಿನ ಮಾತು. ಇದನ್ನೂ ಮುಚ್ಚಿಡುತ್ತೇವೆ. ಡಾಕ್ಟರ ಮುಂದೆ ದುಡ್ಡಿಲ್ಲ ಅನ್ನಲು ಮಾನ ಅಡ್ಡ ಬರುತ್ತದೆ, ಮನೆಯಲ್ಲಿ ತೋಟ ಮಾರುವ ಮಾತು ನಡೆಯುತ್ತಿರುತ್ತದೆ. ನಾನು ಪ್ರತಿ ಹೊಸ ಔಷಧಿಗೂ ಮೂರು ಪ್ರಶ್ನೆ ಕೇಳುತ್ತೇನೆ. ಇದಕ್ಕೆ ಎಷ್ಟು ಖರ್ಚು, ಇದರಿಂದ ಎಷ್ಟು ಸಮಯ ಸಿಗಬಹುದು, ಆ ಸಮಯ ಹೇಗಿರುತ್ತದೆ. ಕೇಳಿದರೆ ಕೆಲವೊಮ್ಮೆ ಕಡಿಮೆ ಖರ್ಚಿನ ದಾರಿ ಸಿಗುತ್ತದೆ. ನಮ್ಮ ಅಡಿಕೆ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ಎಷ್ಟಿದೆ ಅಂತ ನಿಮಗೆ ಗೊತ್ತು. ಕಾಯಿಲೆ ತುಂಬಾ ಮುಂದುವರಿದ ಅಂಥವರಿಗೆ ನಿವೊಲುಮಾಬ್ ಎಂಬ ದುಬಾರಿ ಇಮ್ಯುನೋಥೆರಪಿ ಇದೆ, ದೇಹದ ರೋಗ ತಡೆಯುವ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ. ಮುಂಬೈಯ ಟಾಟಾ ಆಸ್ಪತ್ರೆಯ ಡಾಕ್ಟರುಗಳು ಅದನ್ನು ಬರೀ 20 ಮಿಲಿಗ್ರಾಂ, ಅಂದರೆ ಮಾಮೂಲಿ ಡೋಸಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಮೂರು ವಾರಕ್ಕೊಮ್ಮೆ, ಕಡಿಮೆ ಡೋಸಿನ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16, ಇದನ್ನೂ ಸೇರಿಸಿದವರಲ್ಲಿ 43. ಬಡ ದೇಶದ ಡಾಕ್ಟರುಗಳು ಬಡ ರೋಗಿಗಳಿಗಾಗಿ ತಲೆ ಓಡಿಸಿದರೆ ಹೀಗೆಲ್ಲ ಆಗುತ್ತದೆ. ನನಗೆ ಅದನ್ನು ಓದಿದಾಗ ತುಂಬಾ ಹೆಮ್ಮೆ ಅನಿಸಿತು.

ನಾಟಿ ಔಷಧಿಯ ಪುಡಿ ಕೊಡದ ನೆಂಟರಿಲ್ಲ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ತೆಗೆದುಕೊಳ್ಳುವುದಾದರೆ ಡಾಕ್ಟರಿಗೆ ಹೇಳಿ ತೆಗೆದುಕೊಳ್ಳಿ, ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ. ಲಿವರ್ ಕೆಟ್ಟದ್ದು ಔಷಧಿಯಿಂದಲೋ ಪುಡಿಯಿಂದಲೋ ಕಾಯಿಲೆಯಿಂದಲೋ ಅಂತ ಗೊತ್ತಾಗದೆ ಡಾಕ್ಟರುಗಳು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಕೊನೆಯದಾಗಿ ಒಂದು ಕಾಗದದ ವಿಷಯ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಾಸಿಯಾಗದ ಸ್ಥಿತಿಯಲ್ಲಿ, ಮಾತಾಡಲೂ ಆಗದಿದ್ದಾಗ, ನನ್ನನ್ನು ಯಂತ್ರದ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡುವ ಹಕ್ಕು ನಮಗಿದೆ. 2023ರಲ್ಲಿ ಅದನ್ನು ಸುಲಭ ಮಾಡಿದರು, ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿತು. ನಾನು ಬರೆದಿದ್ದೇನೆ. ನೋವಿಗೆ ಔಷಧಿ ಬೇಕು, ವೆಂಟಿಲೇಟರ್ ಬೇಡ, ಆಗುವುದಾದರೆ ಮನೆಯಲ್ಲೇ ಇರುತ್ತೇನೆ, ಅಡುಗೆಮನೆಯ ಸದ್ದು ಕೇಳುವ ರೂಮಿನಲ್ಲಿ. ಮಗಳಿಗೆ ಓದಲು ಕೊಟ್ಟೆ. ಅವಳು ಎರಡು ಸಲ ಓದಿ, ಬಹಳ ಹೊತ್ತು ಸುಮ್ಮನಿದ್ದು, "ಆ ರೂಮಿಗೆ ಫ್ಯಾನ್ ಹಾಕಿಸಬೇಕು" ಅಂದಳು. ಮುಂದಿನ ವಾರ ಹಾಕಿಸಿದಳು.

ಇಷ್ಟು ಹೇಳಿ ನಾನು ಕೂತೆ.

ಸಭೆ ಮುಗಿದ ಮೇಲೆ ನಡೆದದ್ದನ್ನೂ ಬರೆಯಬೇಕು. ಎಲ್ಲರೂ ಹೋದ ಮೇಲೆ ಮೂವತ್ತೈದರ ಆಸುಪಾಸಿನ ಒಬ್ಬರು ಕುರ್ಚಿ ಮಡಿಸುತ್ತಾ ಅಲ್ಲೇ ಸುಳಿದಾಡುತ್ತಿದ್ದರು. ಅವರ ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಮೂರನೇ ಕೀಮೋ ಆಗಿದೆ, ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಅಮ್ಮನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿದ್ದಾರೆ. "ಈಗ ಹೇಗೆ ಹೇಳಲಿ ಮೇಡಂ?" ಅಂದರು.

ಹೇಳಲು ಹೋಗಬೇಡಿ, ಮೊದಲು ಕೇಳಿ ಅಂದೆ. ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಅನಿಸುತ್ತಿದೆ ಅಮ್ಮ ಅಂತ ಕೇಳಿ, ಕೇಳಿ ಸುಮ್ಮನೆ ಕೂತಿರಿ. ತಿಳಿದುಕೊಳ್ಳುವುದು ಬೇಡ ಅಂತ ಅವರೇ ಅಂದರೆ ಅದನ್ನೂ ಒಪ್ಪಿಕೊಳ್ಳಿ. ಅದೂ ಅವರ ಹಕ್ಕೇ.

ಅವರು ಕುರ್ಚಿಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೇಳಿದರು, ಹೋದ ವಾರ ಅಮ್ಮ ತಮ್ಮ ಎರಡು ಬಳೆ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿ ಸೊಸೆಯ ಕೈಗೆ ಕೊಟ್ಟರಂತೆ, ಕೈ ಸಣ್ಣಗಾಗಿದೆ, ಜಾರುತ್ತವೆ, ನೀನು ಇಟ್ಟುಕೋ ಅಂತ. "ಅವರಿಗೆ ಗೊತ್ತಿದೆ ಅಲ್ವಾ ಮೇಡಂ?"

ನಾನು ಅವರ ಮುಂದಿನ ಕೀಮೋ ಯಾವಾಗ ಅಂತ ಕೇಳಿದೆ. ಇಪ್ಪತ್ತೆರಡಕ್ಕಂತೆ. ನನ್ನದೂ ಅವತ್ತೇ. ಇಪ್ಪತ್ತೊಂದರ ರಾತ್ರಿ ಜಂಬಗಾರು ಸ್ಟೇಷನ್ನಿಗೆ ಅಮ್ಮನನ್ನು ಸ್ವಲ್ಪ ಬೇಗ ಕರೆದುಕೊಂಡು ಬನ್ನಿ, ಪ್ಲಾಟ್‌ಫಾರಂ ಮೇಲೆ ಕೂತು ಮಾತಾಡುತ್ತೇವೆ ಅಂದೆ.